ಸವಳು, ಚೌಳು, ಕರಲು: ಮೂರೂ ಒಂದೇನಾ?

ಎಲ್ಲರಿಗೂ ನಮಸ್ಕಾರ.

ಕೋಲಾರ ಕಡೆಯ ರೈತರಿಗಾಗಿ ನೀರು ಪರೀಕ್ಷೆಯ ಬಗ್ಗೆ ನಾಲ್ಕು ಪುಟದ ಕೈಪಿಡಿ ಬರೆಯುತ್ತಿದ್ದೇನೆ. ಉಪ್ಪಿನಿಂದ ಕೆಟ್ಟ ನೆಲಕ್ಕೂ ಸೋಡಿಯಂನಿಂದ ಕೆಟ್ಟ ನೆಲಕ್ಕೂ 'ಸವಳು' ಅಂತಲೇ ಬರೆಯುತ್ತಾರೆ; ಎರಡನೆಯದಕ್ಕೆ ಬೇರೆ ಪದ ಸಿಗದೆ ಕೆಲಸ ನಿಂತಿದೆ.

ನಮ್ಮ ಕಡೆ ಕೆರೆಗಳು ಸಾಲುಸಾಲಾಗಿವೆ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ಬೆಂಗಳೂರಿನ ಸಂಸ್ಕರಿಸಿದ ನೀರು 2018ರ ಜೂನಿನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತಲ್ಲ, ಅಲ್ಲಿಂದ ಮುಂದಕ್ಕೂ ಹೀಗೇ ಕೆರೆಯಿಂದ ಕೆರೆಗೆ ಇಳಿಯಿತು. ಆದರೆ ಸಾಲಿನ ಒಂದು ಕೆರೆ ನೋಡಿ ಉಳಿದವುಗಳ ನೀರನ್ನು ಅಳೆಯಲು ಆಗುವುದಿಲ್ಲ. ಪ್ರತಿ ಕೆರೆಯಲ್ಲೂ ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಮೇಲಿನ ಅಚ್ಚುಕಟ್ಟಿನಿಂದ ಬಸಿದ ನೀರೂ ಕೆಳಗಿನ ಕೆರೆಗೇ ಸೇರುತ್ತದೆ. ಕೋಡಿ ನೀರು ಬೇರೆ, ಬಸಿ ನೀರು ಬೇರೆ. ಈ ಎರಡು ಪದ ನಮ್ಮಲ್ಲಿ ಇರುವುದೇ ಖುಷಿ, ಇವನ್ನು ಹಾಗೇ ಬಳಸಿದ್ದೇನೆ.

ತೊಡಕು ಇರುವುದು ಉಪ್ಪಿನ ಹತ್ತಿರ. ಹೋದ ಬೇಸಿಗೆಯಲ್ಲಿ ನಮ್ಮ ಮಾವನವರ ಕೃಷಿ ಹೊಂಡದ ನೀರನ್ನು ಪರೀಕ್ಷೆ ಮಾಡಿಸಿದೆವು. ಸಾಲಿನ ಕೊನೆಯ ಹೊಂಡ ಅದು. ಮಳೆಗಾಲದಲ್ಲಿ ಮೇಲಿನ ಕಟ್ಟೆಯ ಕೋಡಿ ನೀರು ಬರುತ್ತದೆ, ಬೇಸಿಗೆಯಲ್ಲಿ ಬೋರ್‌ವೆಲ್‌ನಿಂದ ತುಂಬಿಸುತ್ತಾರೆ. ವರದಿಯಲ್ಲಿ ಇಸಿ 0.9, ಆರ್‌ಎಸ್‌ಸಿ 4 ಅಂತ ಬಂತು. ಮಾವ ಕೇಳಿದರು: 'ಸವಳು ಜಾಸ್ತಿ ಇಲ್ಲ ಅಂತ ತಾನೇ ಅರ್ಥ? ಈ ಬೋರ್ ನೀರಲ್ಲಿ ಬೇಳೆ ಎಷ್ಟು ಬೇಗ ಬೇಯುತ್ತೆ, ಸೋಪು ಎಷ್ಟು ಚೆನ್ನಾಗಿ ನೊರೆ ಬರುತ್ತೆ. ಒಳ್ಳೆ ನೀರೇ ಅಲ್ವಾ?'

ಬೇಳೆಗೆ ಒಳ್ಳೆ ನೀರೇ. ಮಣ್ಣಿಗೆ ಅಲ್ಲ. ಇಸಿ ಅಂದರೆ ನೀರಿನಲ್ಲಿ ಒಟ್ಟು ಎಷ್ಟು ಉಪ್ಪು ಕರಗಿದೆ ಅನ್ನುವ ಲೆಕ್ಕ. ಅದು ಮೀಟರಿಗೆ 0.7 ಡೆಸಿಸೀಮೆನ್ಸ್ ಒಳಗಿದ್ದರೆ ಚಿಂತೆಯಿಲ್ಲ, 3 ದಾಟಿದರೆ ಕಷ್ಟ. ಆರ್‌ಎಸ್‌ಸಿ ಹೇಳುವುದು ಬೇರೆ ಸಂಗತಿ: ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಕಳೆದ ಮೇಲೆ ಕಾರ್ಬೊನೇಟ್, ಬೈಕಾರ್ಬೊನೇಟ್ ಎಷ್ಟು ಉಳಿಯುತ್ತದೆ ಅಂತ. ಲೀಟರಿಗೆ 1.25 ಮಿಲಿಈಕ್ವಿವಲೆಂಟ್ ಒಳಗಿದ್ದರೆ ಸರಿ, 2.5 ದಾಟಿದರೆ ನೀರಾವರಿಗೆ ಬೇಡ ಅನ್ನುತ್ತಾರೆ. ಬೇಳೆ ಬೇಗ ಬೇಯುವುದು ಕ್ಯಾಲ್ಸಿಯಂ ಕಡಿಮೆ, ಸೋಡಾ ಜಾಸ್ತಿ ಇರುವುದರಿಂದಲೇ. ಆ ಸೋಡಾದಲ್ಲಿರುವ ಸೋಡಿಯಂ ಮಣ್ಣಿನ ಕಣಗಳನ್ನು ಬಿಡಿಸಿ ಹಾಕುತ್ತದೆ. ಮಾವನ ಟೊಮೆಟೊ ಸಾಲಿನಲ್ಲಿ ನೋಡಿದೆ: ನೀರು ಬಿಟ್ಟು ಎರಡು ದಿನ ಆದರೂ ಇಂಗಿಲ್ಲ. ಕಾಲಿಟ್ಟರೆ ಸೋಪಿನ ಹಾಗೆ ಜಾರುತ್ತದೆ. ಒಣಗಿದ ಜಾಗದಲ್ಲಿ ಹಾರೆ ಹಾಕಿದರೆ ಠಣ್ ಅನ್ನುತ್ತದೆ.

ಇಂಥ ಮಣ್ಣಿಗೂ ನಮ್ಮ ಎಷ್ಟೋ ಪುಸ್ತಕಗಳಲ್ಲಿ 'ಸವಳು' ಅಂತಲೇ ಬರೆದಿದ್ದಾರೆ. ಬಿಳಿ ಉಪ್ಪು ಹೊರಟ ಮಣ್ಣಿಗೂ ಅದೇ ಪದ. ಆದರೆ ಮದ್ದು ಎರಡಕ್ಕೂ ಬೇರೆ. ಉಪ್ಪಿನ ಮಣ್ಣಿಗೆ ಬಸಿಗಾಲುವೆ ತೆಗೆದು, ಒಳ್ಳೆ ನೀರು ನಿಲ್ಲಿಸಿ ತೊಳೆಯಬೇಕು. ಸೋಡಿಯಂ ಮಣ್ಣಿಗೆ ಮೊದಲು ಜಿಪ್ಸಂ ಹಾಕಬೇಕು. ಸುಮ್ನೆ ತೊಳೆದರೆ ಕಣಗಳನ್ನು ಅಷ್ಟಿಷ್ಟು ಹಿಡಿದಿಟ್ಟಿದ್ದ ಉಪ್ಪೂ ಹೋಗಿ ಮಣ್ಣು ಇನ್ನಷ್ಟು ಬಿಗಿಯುತ್ತದೆ. ಒಂದೇ ಪದ ಬಳಸಿದರೆ ರೈತ ತಪ್ಪು ಮದ್ದು ಮಾಡುತ್ತಾನೆ. ಅದಕ್ಕೇ ಇಷ್ಟು ತಲೆ ಕೆಡಿಸಿಕೊಂಡಿದ್ದೇನೆ.

'ಕ್ಷಾರ' ಅಂತ ಬರೆಯಬಹುದು, ಕೆಲವರು ಬರೆಯುತ್ತಾರೆ ಕೂಡ. ಆದರೆ ಹೊಲದಲ್ಲಿ ನಿಂತು ಆ ಪದ ಹೇಳಿದವರನ್ನು ನಾನು ಕಂಡಿಲ್ಲ. ತುಂಗಭದ್ರಾ ಅಚ್ಚುಕಟ್ಟಿನವರು 'ಸವಳು-ಜವಳು' ಅಂತ ಜೋಡಿಯಾಗಿ ಹೇಳುತ್ತಾರೆ. ಅಲ್ಲಿ ಜವಳು ಅಂದರೆ ನೀರು ನಿಂತು ಕೆಟ್ಟ ನೆಲ, ನನ್ನ ಕೆಲಸಕ್ಕೆ ಆಗದು. 'ಚೌಳು' ಸವಳಿನದೇ ಇನ್ನೊಂದು ರೂಪ ಅಂತ ಕಾಣುತ್ತದೆ, ತೆಲುಗಿನ 'ಚವುಡು' ಕೂಡ ಪಕ್ಕದಲ್ಲೇ ಇದೆ. ಉಳಿದದ್ದು ಹಳೆ ಮೈಸೂರು ಕಡೆಯ 'ಕರಲು'.

ಉಪ್ಪಿನದಕ್ಕೆ ಸವಳು, ಸೋಡಿಯಂನದಕ್ಕೆ ಕರಲು ಅಂತ ಇಟ್ಟುಕೊಳ್ಳಲು ನನಗೆ ಮನಸ್ಸಿದೆ. ಆದರೆ ಜನ ಬಳಸುವ ಪದಕ್ಕೆ ಇಲ್ಲದ ಅರ್ಥ ಹೇರಬಾರದು. ನಿಮ್ಮ ಊರಲ್ಲಿ 'ಕರಲು' ಅಂದರೆ ಯಾವ ನೆಲ? ಬಿಳಿ ಪೊರೆ ಕಟ್ಟುವುದೋ, ಕಪ್ಪಗೆ ಜಾರಿ ಒಣಗಿದಾಗ ಕಲ್ಲಾಗುವುದೋ? ಬೇಳೆ ಬೇಯಿಸುವ ಆದರೆ ಬೆಳೆ ಕೆಡಿಸುವ ನೀರಿಗೆ ನಿಮ್ಮ ಮನೆಯ ಹಿರಿಯರು ಏನನ್ನುತ್ತಾರೆ? ಊರ ಹೆಸರಿನ ಜೊತೆ ಬರೆದು ತಿಳಿಸಿ.