ಮಾಸು ‘ಜಾರಿದೆ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಬಸಿರಿನಲ್ಲಿ ಮಗುವನ್ನು ಪೋಷಿಸುವ ಮಾಸಿನ (ಪ್ಲಸೆಂಟಾ) ತೊಂದರೆಗಳಿಗೆ ಸರಿಯಾದ ಕನ್ನಡ ಪದಗಳನ್ನು ಹುಡುಕುತ್ತಿದ್ದೇನೆ.

ತಂಗಿಗೆ ಈಗ ಐದು ತಿಂಗಳು. 20ನೆಯ ವಾರದ ಸ್ಕ್ಯಾನ್ ಮುಗಿಸಿ ಬಂದವಳು ‘ಮಾಸು ಕೆಳಗೆ ಜಾರಿದೆಯಂತೆ’ ಎಂದಳು. ಅಂದಿನಿಂದ ಅವಳ ಅತ್ತೆ ಅವಳನ್ನು ಮೆಟ್ಟಿಲು ಹತ್ತಲು ಬಿಟ್ಟಿಲ್ಲ; ಜಾರಿದ್ದು ಇನ್ನಷ್ಟು ಜಾರೀತು ಎಂಬ ಹೆದರಿಕೆ. ವರದಿಯಲ್ಲಿದ್ದದ್ದು ‘ಲೋ ಲೈಯಿಂಗ್ ಪ್ಲಸೆಂಟಾ’ ಎಂದಷ್ಟೇ. ಅಲ್ಲಿ ಯಾವುದೂ ಜಾರಿಲ್ಲ, ಮಾಸು ಮೊದಲು ಅಂಟಿದ ಜಾಗವೇ ತಗ್ಗಿನದು. ಗರ್ಭಕೋಶದ ಕೆಳಭಾಗ ಹಿಗ್ಗುತ್ತ ಹೋದಂತೆ ಮಾಸಿನ ಅಂಚು ಗರ್ಭಕೋಶದ ಬಾಯಿಂದ ದೂರ ಸರಿಯುತ್ತದೆ. ಹೆಚ್ಚಿನವರಲ್ಲಿ 32ನೆಯ ವಾರದ ಸ್ಕ್ಯಾನಿನ ಹೊತ್ತಿಗೆ ಚಿಂತೆ ಕಳೆದಿರುತ್ತದೆ. ‘ತಗ್ಗಿನಲ್ಲಿರುವ ಮಾಸು’ ಎಂದಿದ್ದರೆ ಆ ಮನೆಯವರು ಇಷ್ಟು ಕಂಗಾಲಾಗುತ್ತಿರಲಿಲ್ಲ.

ಪಠ್ಯಪುಸ್ತಕದ ‘ಜರಾಯು’ ನನಗೆ ಒಗ್ಗುವುದಿಲ್ಲ. ಸಂಸ್ಕೃತದಲ್ಲಿ ಅದು ಭ್ರೂಣದ ಹೊರಪೊರೆ, ಹಾವಿನ ಪೊರೆಯೂ ಹೌದು. ಲ್ಯಾಟಿನ್ನಿನ ‘ಪ್ಲಸೆಂಟಾ’ ಎಂದರೆ ಚಪ್ಪಟೆ ರೊಟ್ಟಿಯಂಥ ಭಕ್ಷ್ಯ. ನಮ್ಮ ‘ಮಾಸು’ ಹಟ್ಟಿಯಲ್ಲೂ ಹೆರಿಗೆ ಮನೆಯಲ್ಲೂ ಬಳಕೆಯಲ್ಲಿರುವ ಮಾತು.

ಆದರೆ ನಮ್ಮಲ್ಲಿ ಹೆರಿಗೆಯಾದ ಮೇಲೆ ಮಾಸು ‘ಬೀಳುವುದು’ ಶುಭವಾರ್ತೆ. ಮಗು ಹುಟ್ಟುವ ಮೊದಲೇ ಅದು ಗರ್ಭಕೋಶದ ಗೋಡೆಯಿಂದ ಬಿಡಿಸಿಕೊಂಡರೆ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ. ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ ನೋಯುತ್ತದೆ. ರಕ್ತ ಒಳಗೇ ನಿಲ್ಲಬಹುದಾದ್ದರಿಂದ ಹೊರಗೆ ಕಂಡಷ್ಟನ್ನೇ ನಂಬುವಂತಿಲ್ಲ. ಇದಕ್ಕೆ ‘ಬೀಳುವುದು’ ಎನ್ನುವಂತಿಲ್ಲ, ‘ಅಕಾಲದಲ್ಲಿ ಮಾಸು ಕಳಚುವುದು’ ಎಂದು ಬರೆದಿದ್ದೇನೆ. ಗರ್ಭಕೋಶದ ಬಾಯನ್ನೇ ಮುಚ್ಚುವ ‘ಪ್ರೀವಿಯಾ’ಕ್ಕೆ ‘ದಾರಿಗಡ್ಡ ಮಾಸು’ ಎನ್ನೋಣವೇ? ಮೂಲ ಲ್ಯಾಟಿನ್ ಪದದಲ್ಲೂ ದಾರಿ (‘ವಿಯಾ’) ಇದೆ. ಇಲ್ಲಿ ನೋವೇ ಇಲ್ಲದೆ ಕೆಂಪು ರಕ್ತ ಹೋಗುತ್ತದೆ, ನೋವಿಲ್ಲವಲ್ಲ ಎಂದು ಹೆಂಗಸರು ಸುಮ್ಮನಿದ್ದುಬಿಡುತ್ತಾರೆ. ಐದು ತಿಂಗಳ ಮೇಲೆ ರಕ್ತ ಎಷ್ಟೇ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು.

ನಾನು ಸಿಕ್ಕಿಕೊಂಡಿರುವುದು ‘ಅಕ್ರೀಟಾ’ದಲ್ಲಿ. ಹೆಚ್ಚಾಗಿ ಹಿಂದಿನ ಸಿಸೇರಿಯನ್ ಹೊಲಿಗೆಯ ಕಲೆಯ ಮೇಲೆ ಮಾಸು ಆಳಕ್ಕೆ ಇಳಿದು, ಹೆರಿಗೆಯಾದರೂ ಬಿಡದೆ, ಎಳೆದರೆ ರಕ್ತ ಧಾರೆಯಾಗಿ ಹರಿಯುವ ಸ್ಥಿತಿ ಇದು. ‘ಅಂಟಿಕೊಂಡ ಮಾಸು’ ಎಂಬುದು ಸಾಲದು, ಎಲ್ಲ ಮಾಸೂ ಅಂಟಿಕೊಂಡೇ ಇರುತ್ತದೆ. ‘ಕಚ್ಚಿಕೊಂಡ ಮಾಸು’, ‘ಬೇರುಬಿಟ್ಟ ಮಾಸು’ ಇವೆರಡರಲ್ಲಿ ಯಾವುದು ಸರಿ? ಸ್ನಾಯುವಿನೊಳಕ್ಕೆ ಹೊಕ್ಕ ‘ಇನ್‌ಕ್ರೀಟಾ’ಕ್ಕೂ ಗರ್ಭಕೋಶವನ್ನೇ ತೂರಿ ಹೊರಟ ‘ಪರ್‌ಕ್ರೀಟಾ’ಕ್ಕೂ ಬೇರೆ ಪದ ಬೇಕೇ? ನಿಮ್ಮ ಕಡೆಯ ಸೂಲಗಿತ್ತಿಯರು, ಆಶಾ ಕಾರ್ಯಕರ್ತೆಯರು ಬಿಡದ ಮಾಸಿಗೆ ಏನೆನ್ನುತ್ತಾರೆ, ದಯವಿಟ್ಟು ಕೇಳಿ ಬರೆಯಿರಿ.