ಜಮೈಕಾದ ಕ್ರಿಸ್‌ಮಸ್ ಪಾನೀಯ ಸಾರೆಲ್ ಒಗರಾಗೋದ್ಯಾಕೆ?

ಪ್ರಶ್ನೆ: ಒಣಗಿದ ಸಾರೆಲ್, ಅಂದರೆ ಕೆಂಪು ಪುಂಡಿ ಹೂವಿನ ಹೊರ ಎಸಳು (ಪುಷ್ಪಪಾತ್ರೆ), 100 ಗ್ರಾಂ, ನೀರು 2 ಲೀಟರ್. ಅರ್ಧ ಗಂಟೆ ಕುದಿಸಿದರೆ ಬಣ್ಣ ಚೆನ್ನಾಗಿ ಬರುತ್ತೆ, ಬಾಯಿಗಿಟ್ಟರೆ ಬರೀ ಒಗರು. ಎಲ್ಲಿ ತಪ್ಪುತ್ತಿದೆ?

ಉತ್ತರ 1: ಎಸಳು ಕುದಿಸೋದೇ ತಪ್ಪು. ನೀರಿಗೆ ಜಜ್ಜಿದ ಶುಂಠಿ 100 ಗ್ರಾಂ (ಕಂಜೂಸ್ ಮಾಡಬೇಡಿ), ಐದಾರು ಪಿಮೆಂಟೊ (ಆಲ್‌ಸ್ಪೈಸ್) ಕಾಳು ಹಾಕಿ ಕುದಿಸಿ, ಒಲೆ ಆರಿಸಿದ ಮೇಲೆ ಸಾರೆಲ್ ಸೇರಿಸಿ ಮುಚ್ಚಿಡಿ. ರಾತ್ರಿಯಿಡೀ ನೆನೆಯಲಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ತಾಗಿ ಲೋಹದ ರುಚಿ ಬರುತ್ತೆ. ಸಕ್ಕರೆ ಹಾಕೋದು ಪಾನೀಯ ಸೋಸಿದ ಮೇಲೆ.

ಉತ್ತರ 2: ರಮ್ ಹಾಕೋದಾದರೆ ಪೂರ್ತಿ ತಣಿದ ಮೇಲೆ. ಬಿಸಿಯಲ್ಲಿ ಘಮ ಹಾರಿಹೋಗುತ್ತೆ.

ಉತ್ತರ 3: ಹಬ್ಬಕ್ಕೆ ಜಮೈಕಾಕ್ಕೇ ಹೋಗೋದಾದರೆ ಡಿಸೆಂಬರ್ 24ರ ರಾತ್ರಿಯ ಬೀದಿ ಸಂತೆ ಗ್ರ್ಯಾಂಡ್ ಮಾರ್ಕೆಟ್ ಬಿಡಬೇಡಿ. ಅಲ್ಲಿನ ಒಚೊ ರಿಯೋಸ್ ಪಟ್ಟಣದ ಬಳಿಯ ಡನ್ಸ್ ರಿವರ್ ಜಲಪಾತ ಹತ್ತಲು ಹಿಡಿತವಿರುವ ರಬ್ಬರ್ ಶೂ ಬೇಕು; ಹವಾಯಿ ಚಪ್ಪಲಿ ಕಾಲಿಂದ ಕಿತ್ತು ನೀರಲ್ಲಿ ಹೋಗುತ್ತೆ.