ನೀರು ಬರುವವರೆಗೆ ಕಂದಾಯ ಕಟ್ಟಬೇಕಾ, ಬೇಡವಾ?

ಕೋಟೆ ಬೀದಿ ಹುಡುಗ:
ಏಪ್ರಿಲ್ ಬಂತು. ಪಟ್ಟಣ ಪಂಚಾಯಿತಿಯ ಆಟೋ ಬೆಳಗ್ಗೆಯಿಂದ ಮೈಕ್‌ನಲ್ಲಿ ಕೂಗುತ್ತಿದೆ, ಈ ತಿಂಗಳು ಮನೆ ಕಂದಾಯ ಕಟ್ಟಿದರೆ ಶೇ 5 ರಿಯಾಯಿತಿ ಅಂತ. ಆ ಆಟೋ ದಾಟಿ ಹೋಗುವಾಗ ನಮ್ಮಮ್ಮ ಖಾಲಿ ಕೊಡ ಹಿಡಿದು ಬೋರ್‌ವೆಲ್ ಕಡೆ ಹೊರಟಿದ್ದರು. ನಮ್ಮ ಬೀದಿಗೆ ನಲ್ಲಿ ನೀರು ಬಂದು ಇವತ್ತಿಗೆ ಐದು ದಿನ. ಬಂದಾಗಲೂ ಮುಕ್ಕಾಲು ಗಂಟೆ, ಅಷ್ಟೇ. ಅರ್ಜಿ ಕೊಟ್ಟಾಯಿತು, ಮುಖ್ಯಾಧಿಕಾರಿಯನ್ನು ಎರಡು ಸಲ ನೋಡಿಯೂ ಆಯಿತು. ಅದಕ್ಕೇ ಕೇಳುತ್ತಿದ್ದೇನೆ: ದಿನ ಬಿಟ್ಟು ದಿನವಾದರೂ ನೀರು ಬರುವವರೆಗೆ ನಮ್ಮ ವಾರ್ಡಿನಲ್ಲಿ ಯಾರೂ ಕಂದಾಯ ಕಟ್ಟದೇ ಇದ್ದರೆ ಹೇಗೆ? ದುಡ್ಡು ನಿಂತರೆ ಮಾತ್ರ ಅವರಿಗೆ ಬಿಸಿ ತಟ್ಟುತ್ತದೆ.

ಬಸ್‌ಸ್ಟ್ಯಾಂಡ್ ಅಂಗಡಿಯವ:
ನಾನಿದ್ದೇನೆ ತಮ್ಮ. ಮನೆಗೂ ಅಂಗಡಿಗೂ ಎರಡು ಕಂದಾಯ ಕಟ್ಟುತ್ತೇನೆ, ಒಂದು ವರ್ಷವೂ ಬಾಕಿ ಇಟ್ಟಿಲ್ಲ. ಅದರ ಮೇಲೆ ಬೇಸಿಗೆಯಲ್ಲಿ ಟ್ಯಾಂಕರ್ ದುಡ್ಡು. ಒಂದೇ ನೀರಿಗೆ ಎಷ್ಟು ಸಲ ಕೊಡಬೇಕು?

ನಿವೃತ್ತ ಮೇಷ್ಟ್ರು:
ನಿಮ್ಮಿಬ್ಬರ ಸಿಟ್ಟೂ ನ್ಯಾಯವೇ. ಆದರೆ ಮನೆ ಕಂದಾಯ ಬೇರೆ, ನೀರಿನ ಕರ ಬೇರೆ. ಹಳೆಯ ರಸೀದಿ ತೆಗೆದು ನೋಡಿ. ಕಂದಾಯದ ಜೊತೆ ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ಸೇರಿರುತ್ತದೆ. ಅದನ್ನು ನಿಲ್ಲಿಸಿದರೆ ಮೊದಲು ಏಟು ಬೀಳುವುದು ಬೀದಿದೀಪಕ್ಕೆ, ಕಸದ ಗಾಡಿಗೆ, ನಮ್ಮ ಹುಡುಗರು ಪರೀಕ್ಷೆಗೆ ಓದಲು ಕೂರುವ ಲೈಬ್ರರಿಗೆ. ಜೂನ್ ಮುಗಿದರೆ ತಿಂಗಳಿಗೆ ಶೇ 2 ದಂಡ ಬೇರೆ. ಬಾಕಿ ಇದ್ದರೆ ಇ-ಖಾತಾಕ್ಕೂ, ಅಂದರೆ ಆಸ್ತಿಯ ಆನ್‌ಲೈನ್ ದಾಖಲೆಗೂ ತೊಂದರೆ. 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ಸೈಟು, ಮನೆ ನೋಂದಣಿ ಆಗುವುದಿಲ್ಲ ಅನ್ನುವುದು ಗೊತ್ತಲ್ಲ.

ಬೆಂಗಳೂರಲ್ಲಿರುವ ನಮ್ಮೂರವ:
ನಾನು ಲೆಕ್ಕಪತ್ರದ ಕೆಲಸದಲ್ಲಿರುವವನು, ಒಂದು ಮಾತು ಸೇರಿಸುತ್ತೇನೆ. 2021ರಿಂದ 2026ರವರೆಗೆ ನಮ್ಮಂಥ ಊರುಗಳಿಗೆ ಕೇಂದ್ರ ಕೊಡುವ ಅನುದಾನಕ್ಕೆ 15ನೇ ಹಣಕಾಸು ಆಯೋಗ ಒಂದು ಷರತ್ತು ಹಾಕಿತ್ತು. ಆಸ್ತಿ ತೆರಿಗೆ, ಅಂದರೆ ಇದೇ ಕಂದಾಯದ ವಸೂಲಿ ರಾಜ್ಯದ ಬೆಳವಣಿಗೆ ದರಕ್ಕೆ ತಕ್ಕಂತೆ ವರ್ಷವರ್ಷ ಏರಬೇಕು, ಇಲ್ಲದಿದ್ದರೆ ಕೇಂದ್ರದ ದುಡ್ಡಿಗೆ ಕತ್ತರಿ. ಆ ದುಡ್ಡಿನಲ್ಲಿ ಶೇ 60 ಭಾಗ ಮೀಸಲಿದ್ದದ್ದು ಯಾವುದಕ್ಕೆ ಗೊತ್ತಾ? ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ. ಅಂಥ ಷರತ್ತು ಇರುವಲ್ಲಿ ನೀರಿಗಾಗಿ ಕಂದಾಯ ನಿಲ್ಲಿಸಿದರೆ ನೀರಿನ ದುಡ್ಡಿಗೇ ನಾವು ಕಲ್ಲು ಹಾಕಿಕೊಂಡ ಹಾಗೆ.

ಕೋಟೆ ಬೀದಿ ಹುಡುಗ:
ಅಣ್ಣ, ಬೆಂಗಳೂರಲ್ಲಿ ಕೂತು ಹೇಳುವುದು ಸುಲಭ. ಕೊಡ ಹೊರುವವರು ನಾವು.

ಬೆಂಗಳೂರಲ್ಲಿರುವ ನಮ್ಮೂರವ:
ನಮ್ಮಪ್ಪ ಅಮ್ಮ ಇಬ್ಬರೇ ತೇರಿನ ಬೀದಿಯಲ್ಲಿದ್ದಾರೆ. ಅಪ್ಪನಿಗೆ ಮಂಡಿ ನೋವು. ನೀರಿನ ಸರದಿ ಇರುವ ದಿನ ಬೆಳಗಿನ ಜಾವ ನಾಲ್ಕೂವರೆಗೆ ಇಲ್ಲಿಂದ ಫೋನ್ ಮಾಡಿ ಎಬ್ಬಿಸುವವನು ನಾನೇ. ಆಮೇಲೆ ನನಗೂ ನಿದ್ದೆ ಬರುವುದಿಲ್ಲ.

ಕೋಟೆ ಬೀದಿ ಹುಡುಗ:
ತಪ್ಪಾಯಿತು ಅಣ್ಣ. ಅದು ಗೊತ್ತಿರಲಿಲ್ಲ.

ಸಂತೆಮೈದಾನದ ಅಕ್ಕ:
ನಿಮ್ಮ ಬೀದಿಗೆ ಮುಕ್ಕಾಲು ಗಂಟೆ ಬರುತ್ತದೆ ಅಂದಿರಿ. ನಮಗೆ ಅದೂ ಇಲ್ಲ. ನಮ್ಮ ಮನೆ ಲೈನಿನ ಕೊನೆ. ನೀರು ಬಿಟ್ಟ ಹತ್ತು ನಿಮಿಷ ನಲ್ಲಿಯಲ್ಲಿ ಬರೀ ಗಾಳಿಯ ಸದ್ದು. ಆಮೇಲೆ ಕಿರುಬೆರಳಿನಷ್ಟು ಧಾರೆ. ಯಾಕೆ ಅಂತ ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲ, ನಾನೇ ಹೇಳುತ್ತೇನೆ. ಮೇಲಿನ ಬೀದಿಗಳಲ್ಲಿ ನಲ್ಲಿಗೇ ಮೋಟರ್ ಹಾಕಿ ಎಳೆಯುತ್ತಾರೆ. ಸಂಪು ತುಂಬಿ, ಟ್ಯಾಂಕ್ ತುಂಬಿ, ಅಂಗಳ ತೊಳೆದು, ಗಾಡಿ ತೊಳೆದು, ಉಳಿದದ್ದು ನಮಗೆ. ಕಂದಾಯ ನಿಲ್ಲಿಸಿದರೆ ಆ ಮೋಟರ್ ನಿಲ್ಲುತ್ತದಾ?

ನೀರುಗಂಟಿ ಮಗಳು:
ಅಕ್ಕ ಹೇಳಿದ್ದು ನಿಜ. ನಮ್ಮಪ್ಪ ಈ ಊರಿಗೆ 22 ವರ್ಷ ನೀರು ಬಿಟ್ಟವರು. ಚಿಕ್ಕವಳಿದ್ದಾಗ ಸೈಕಲ್ ಮೇಲೆ ಅವರ ಜೊತೆ ಹೋಗುತ್ತಿದ್ದೆ. ಗುಂಡಿಯ ಮುಚ್ಚಳ ಸರಿಸಿ, ಉದ್ದನೆಯ ಕಬ್ಬಿಣದ ಕೀಲಿಯನ್ನು ವಾಲ್ವ್‌ಗೆ ಕೂರಿಸಿ, ಸುತ್ತು ಎಣಿಸುತ್ತಾ ತಿರುಗಿಸುತ್ತಿದ್ದರು. ಆಮೇಲೆ ಕೀಲಿಗೆ ಕಿವಿ ಹಚ್ಚಿ ಕೂರುತ್ತಿದ್ದರು. ನೀರು ಓಡುವ ಸದ್ದು ಅದರಲ್ಲಿ ಕೇಳಿಸುತ್ತದೆ. ಮೇಲಿನ ಬೀದಿಯಲ್ಲಿ ಮೋಟರ್ ಚಾಲೂ ಆದ ತಕ್ಷಣ ಸದ್ದು ಬದಲಾಗುತ್ತಿತ್ತು. "ಸಂತೆಮೈದಾನಕ್ಕೆ ಇವತ್ತೂ ಸಿಗೋದಿಲ್ಲ ಮಗಾ" ಅನ್ನುತ್ತಿದ್ದರು.

ಇನ್ನೊಂದು ಅಪಾಯ ಇದೆ. ನಮ್ಮ ಹಳೆಯ ಪೈಪು ಎಷ್ಟೋ ಕಡೆ ಚರಂಡಿಯೊಳಗೇ ಹಾದು ಹೋಗಿದೆ. ಮೋಟರ್ ಎಳೆದಾಗ ಪೈಪಿನೊಳಗೆ ಒತ್ತಡ ಕಡಿಮೆಯಾಗಿ, ಬಿರುಕಿದ್ದ ಕಡೆ ಚರಂಡಿ ನೀರು ಒಳಗೆ ನುಗ್ಗುತ್ತದೆ. ಆ ನೀರು ಯಾವ ಮನೆಯ ನಲ್ಲಿಗೆ ಬೇಕಾದರೂ ಬರಬಹುದು, ಮೋಟರ್ ಹಾಕಿದವರ ಮನೆಗೂ. ಕರೆಂಟಿನ ಕಥೆಯೂ ಸೇರಿಸಿಕೊಳ್ಳಿ. ತ್ರೀ ಫೇಸ್ ಕೈಕೊಟ್ಟ ರಾತ್ರಿ ಓವರ್‌ಹೆಡ್ ಟ್ಯಾಂಕ್ ತುಂಬುವುದಿಲ್ಲ, ಇಡೀ ಊರಿನ ಸರದಿ ಒಂದು ದಿನ ಮುಂದೆ ಹೋಗುತ್ತದೆ. ಆದರೆ ಬೈಗುಳ ಬೀಳುವುದು ಕೀಲಿ ಹಿಡಿದವರಿಗೆ.

ನಿವೃತ್ತ ಮೇಷ್ಟ್ರು:
ನಿಮ್ಮ ತಂದೆಯನ್ನು ಚೆನ್ನಾಗಿ ಬಲ್ಲೆ ತಾಯಿ. ಒಂದು ಲೆಕ್ಕ ಹಾಕಿದೆ. ಒಳಚರಂಡಿ ಇಲ್ಲದ ನಮ್ಮಂಥ ಊರಿನಲ್ಲಿ ಕೊಳಾಯಿ ನೀರಿಗೆ ಕೇಂದ್ರದ 1999ರ ಕೈಪಿಡಿ ಹಾಕಿದ್ದ ಮಾನದಂಡ ಒಬ್ಬರಿಗೆ ದಿನಕ್ಕೆ 70 ಲೀಟರ್. ಐದು ಜನರ ಮನೆಗೆ 350 ಲೀಟರ್. ಐದು ದಿನಕ್ಕೊಮ್ಮೆ ಬಂದರೆ ಒಂದೇ ಸಲಕ್ಕೆ 1,750 ಲೀಟರ್ ಹಿಡಿದಿಡಬೇಕು. ಸಂಪು ಇದ್ದವರು ಹಿಡಿಯುತ್ತಾರೆ. ಎರಡು ಡ್ರಮ್ಮು, ಆರು ಕೊಡ ಇರುವ ಮನೆಯವರು ಏನು ಮಾಡಬೇಕು? ನೀರು ದಿನ ತಪ್ಪಿದಷ್ಟೂ ಬಡವರ ಪಾಲೇ ಕಡಿಮೆಯಾಗುತ್ತಾ ಹೋಗುತ್ತದೆ.

ಸಂತೆಮೈದಾನದ ಅಕ್ಕ:
ನಮ್ಮದು ಒಂದೇ ಡ್ರಮ್ಮು ಮೇಷ್ಟ್ರೇ. ನನ್ನ ತವರು ಹಳ್ಳಿ. ಅಲ್ಲಿ ಗ್ರಾಮಸಭೆ ಇದೆ, ಎದ್ದು ನಿಂತು ಕೇಳಬಹುದು. ಮದುವೆಯಾಗಿ ಪಟ್ಟಣಕ್ಕೆ ಬಂದ ಮೇಲೆ ಎಲ್ಲಿ ನಿಂತು ಕೇಳಬೇಕು ಅಂತಲೇ ಗೊತ್ತಾಗಲಿಲ್ಲ.

ನಿವೃತ್ತ ಮೇಷ್ಟ್ರು:
ಅದು ನಮ್ಮಂಥ ಊರುಗಳ ದೊಡ್ಡ ಕೊರತೆ. ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿ ಕಡ್ಡಾಯ ಮಾಡಿದ್ದು 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನರಿರುವ ನಗರಗಳಿಗೆ. ಹಳ್ಳಿಗೆ ಗ್ರಾಮಸಭೆ, ದೊಡ್ಡ ನಗರಕ್ಕೆ ವಾರ್ಡ್ ಸಮಿತಿ. ಮಧ್ಯದ ನಮಗೆ ಎರಡೂ ಇಲ್ಲ. ಉಳಿದಿರುವ ದಾರಿ ಅಂದರೆ ಮಾಹಿತಿ ಹಕ್ಕು. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಪಂಪ್‌ಹೌಸ್‌ನ ಲಾಗ್‌ಬುಕ್ ನೋಡಬೇಕು ಅಂತ ಕೇಳೋಣ. ಎಷ್ಟು ಗಂಟೆ ಪಂಪ್ ಓಡಿತು, ಯಾವ ಬೀದಿಗೆ ಯಾವತ್ತು ಬಿಟ್ಟರು, ಎಲ್ಲ ಕಣ್ಣಾರೆ ನೋಡಬಹುದು.

ಬಸ್‌ಸ್ಟ್ಯಾಂಡ್ ಅಂಗಡಿಯವ:
ಮೇಷ್ಟ್ರೇ, ನಾನು ಅರ್ಜಿ ಹಾಕಿದರೆ ನಾಳೆ ಲೈಸೆನ್ಸ್ ನವೀಕರಣಕ್ಕೆ ಹೋದಾಗ ಫೈಲು ಸಿಗುವುದಿಲ್ಲ. ಸುಮ್ನೆ ಹೇಳುತ್ತಿಲ್ಲ. ಹೆದರಿಕೆ ಇದೆ.

ನಿವೃತ್ತ ಮೇಷ್ಟ್ರು:
ನನ್ನ ಹೆಸರಿನಲ್ಲಿ ಹಾಕೋಣ. ಪಿಂಚಣಿಯವನಿಗೆ ಯಾವ ಲೈಸೆನ್ಸು?

ಬಸ್‌ಸ್ಟ್ಯಾಂಡ್ ಅಂಗಡಿಯವ:
ಹಾಗಾದರೆ ನಾನು ಲಾಗ್‌ಬುಕ್ ನೋಡಲು ಜೊತೆಗೆ ಬರುತ್ತೇನೆ. ಕಂದಾಯ ಮಾತ್ರ ಈಗ ಕಟ್ಟುವುದಿಲ್ಲ. ರಿಯಾಯಿತಿ ಹೋದರೆ ಹೋಗಲಿ, ಜೂನ್ 30ರವರೆಗೆ ದಂಡ ಇಲ್ಲವಲ್ಲ. ಅಷ್ಟರಲ್ಲಿ ಉತ್ತರ ಬರಲಿ.

ಬೆಂಗಳೂರಲ್ಲಿರುವ ನಮ್ಮೂರವ:
ನಾನು ಅಪ್ಪನದು ಇವತ್ತೇ ಕಟ್ಟಿಬಿಟ್ಟೆ. ರಸೀದಿ ಹಿಡಿದು ಹೋಗಿ ಕೇಳಿದರೆ "ನೀವು ಮೊದಲು ಬಾಕಿ ತೀರಿಸಿ" ಅನ್ನಲು ಅವರಿಗೆ ಬಾಯಿರುವುದಿಲ್ಲ.

ಕೋಟೆ ಬೀದಿ ಹುಡುಗ:
ಕಂದಾಯದ ವಿಷಯದಲ್ಲಿ ನನ್ನ ಮನಸ್ಸು ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ಅಕ್ಕನ ಮಾತು ಓದಿದ ಮೇಲೆ ಹಿತ್ತಲಿಗೆ ಹೋಗಿ ನೋಡಿದೆ. ನಮ್ಮ ಮನೆ ನಲ್ಲಿಗೂ ಅರ್ಧ ಎಚ್‌ಪಿ ಮೋಟರ್ ಇದೆ. ಎರಡು ವರ್ಷದ ಹಿಂದೆ ನಾನೇ ಕೂರಿಸಿದ್ದು. ಎಲ್ಲರೂ ಹಾಕಿದ್ದಾರೆ ಅಂತ ಹಾಕಿದ್ದೆ. ಇವತ್ತು ಬಿಚ್ಚಿ ಇಟ್ಟಿದ್ದೇನೆ. ನಮ್ಮ ಸಾಲಿನಲ್ಲಿ ಇನ್ನೂ ಏಳು ಮನೆಯಲ್ಲಿ ಇರುವುದು ನನಗೆ ಗೊತ್ತು, ಸಂಜೆ ಹೋಗಿ ಮಾತಾಡುತ್ತೇನೆ.

ಸಂತೆಮೈದಾನದ ಅಕ್ಕ:
ದೇವರು ಒಳ್ಳೆಯದು ಮಾಡಲಿ ತಮ್ಮ. ಆ ಏಳು ಮನೆಗೆ ನಾನೂ ಬರುತ್ತೇನೆ. ಕೊನೆಯ ಮನೆಯವಳ ಮುಖ ನೋಡಿದರೆ ಬೇಡ ಅನ್ನುವುದು ಕಷ್ಟ.

ನೀರುಗಂಟಿ ಮಗಳು:
ಗುರುವಾರ ನಿಮ್ಮ ಲೈನಿನ ಸರದಿ. ಬೆಳಗ್ಗೆ ಐದಕ್ಕೆ ಹುಣಸೆಮರದ ಹತ್ರದ ವಾಲ್ವ್ ಗುಂಡಿ ಬಳಿ ಬನ್ನಿ. ಅಪ್ಪನನ್ನೂ ಕರೆದುಕೊಂಡು ಬರುತ್ತೇನೆ. ಕಿವಿ ಸ್ವಲ್ಪ ಮಂದವಾಗಿದೆ, ಆದರೆ ಆ ಕೀಲಿಯ ಸದ್ದು ಅವರಿಗೆ ಇನ್ನೂ ತಿಳಿಯುತ್ತದೆ.